ಸಹಿ ಇಲ್ಲದ ಲಿಂಬಿಹಣ್ಣು

ಶಲವಡಿ ದಾಟಿದ ಮೇಲೆ ಕರಿಮಣ್ಣಿನ ಬಯಲಲ್ಲಿ ಒಂದು ಶೆಡ್ಡು, ಎರಡು ಪುಟ್ಟ ವಿಮಾನ. ಅದೇ ನಮ್ಮ ಹಾರಾಟದ ಶಾಲೆ. ನಾನಲ್ಲಿ ದಾಖಲೆ ಬರೆಯುವವಳು. ವಿಮಾನ ಪೆಟ್ರೋಲಿನಿಂದ ಹಾರುತ್ತದೆ ಅಂತ ಹೊರಗಿನವರ ನಂಬಿಕೆ. ಹಾರುವುದು ಸಹಿಯಿಂದ. ಆದ್ದರಿಂದ ನಗಬೇಕೋ ಅಳಬೇಕೋ ತಿಳಿಯದಂಥವು ವಾರಕ್ಕೊಂದು ಆಗುತ್ತಲೇ ಇರುತ್ತವೆ.

೧. ಹಡೆದವಳು, ಹೆಸರಿಟ್ಟವಳು

ನಮ್ಮ ಮೇಸ್ತ್ರಿ ಕಾಕಾ ಗುಡಗೇರಿಯವರು. ಟ್ರ್ಯಾಕ್ಟರ್ ಗ್ಯಾರೇಜಿನಿಂದ ಬಂದು ಇಪ್ಪತ್ತೆರಡು ವರ್ಷ ವಿಮಾನದ ಎಂಜಿನ್ನಿನಲ್ಲೇ ಕೈ ಆಡಿಸಿದವರು. ನಿಂತಲ್ಲೇ ಕಿವಿಗೊಟ್ಟು, “ಮೂರನೇ ಪ್ಲಗ್ ಕೆಮ್ಮಾಕತ್ತೇತಿ” ಅಂದರೆ ಮೂರನೆಯದೇ ಕೆಟ್ಟಿರುತ್ತದೆ. ಆದರೆ ಓದಿದ್ದು ಏಳನೇ ತರಗತಿ. ಲೈಸೆನ್ಸಿನ ಪರೀಕ್ಷೆಗೆ ಕೂರಲೂ ಸೈನ್ಸ್ ಓದಿರಬೇಕು. ಹಾಗಾಗಿ ಕಾಕಾ ನಟ್ಟು ತಿರುಗಿಸಬಹುದು, ಅದೂ ಲೈಸೆನ್ಸ್ ಇರುವ ಎಂಜಿನಿಯರ ಕಣ್ಣೆದುರಿಗೆ. ‘ಈ ವಿಮಾನ ಹಾರಬಹುದು’ ಅಂತ ಸಹಿ ಹಾಕುವುದು ಎಂಜಿನಿಯರು. ವಿಮಾನದ ದಾಖಲೆ ಪುಸ್ತಕದಲ್ಲಿ ಬರುವ ಹೆಸರೂ ಅವರದೇ.

ಮುಂದಿನ ಮಾರ್ಚಿಗೆ ಕಾಕಾರ ನಿವೃತ್ತಿ ಇತ್ತು.

“ತಂಗಿ, ಹೋಗೂದ್ರಾಗ ಆ ಪುಸ್ತಕದಾಗ ನನ್ನ ಹೆಸರು ಒಮ್ಮೆರ ಬರಬೇಕವಾ.”

“ರೂಲ್ಸಿನಾಗ ಇಲ್ರಿ ಕಾಕಾ.”

ಅವರು ಕೈಯ ಗ್ರೀಸು ಒರೆಸಿಕೊಂಡರು. “ಹಡದಾಕಿ ಒಬ್ಬಾಕಿ, ಹೆಸರಿಡಾಕಿ ಸ್ವಾದರತ್ತಿ. ಮ್ಯಾಲೆ ಸೀರಿನೂ ಆಕಿಗೇ!”

೨. ಜ್ವರ ಯಾರಿಗೆ

ಶ್ರಾವಣದಲ್ಲಿ ಎಂಜಿನಿಯರಿಗೆ ಟೈಫಾಯ್ಡ್ ಬಂತು. ಗಟ್ಟಿಮುಟ್ಟಾದ ಎರಡು ವಿಮಾನ ಮೂರು ವಾರ ನಿಂತಲ್ಲೇ ನಿಂತವು. ರೆಕ್ಕೆಯ ಮೇಲೆ ಪಾರಿವಾಳ ಸಂಸಾರ ಹೂಡಿದವು. ಮಾಲೀಕರು ತಮ್ಮ ಬೀಗರ ಪೈಕಿ ಒಬ್ಬರನ್ನು ಕರೆಸಿದರು. ಮುನ್ನೂರು ಮಂದಿ ಕೂರುವ ವಿಮಾನಕ್ಕೆ ಸಹಿ ಹಾಕುವ ಮನುಷ್ಯ ಅವರು. ಬಂದರು, ಸುತ್ತ ನೋಡಿದರು, ಚಹಾ ಕುಡಿದರು. ಪೆನ್ನು ಮಾತ್ರ ಜೇಬಿನಿಂದ ಹೊರಬರಲಿಲ್ಲ. ಅವರ ಲೈಸೆನ್ಸಿನಲ್ಲಿ ಇಷ್ಟು ಸಣ್ಣದಕ್ಕೆ ಅನುಮತಿ ಇಲ್ಲವಂತೆ.

“ಆನಿ ಮಾವುತಗ ಆಡು ಕಾಯಾಕ ಬರಂಗಿಲ್ಲಂತ,” ಅಂದರು ಕಾಕಾ.

ಹಾರಾಟ ಕಲಿಯಲು ಬಂದಿದ್ದ ಹುಡುಗಿ ದಿನಾ ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದಳು. “ಮೇಡಂ, ವಿಮಾನಕ್ಕೆ ಏನಾಗಿದೆ?”

“ಏನೂ ಆಗಿಲ್ಲವಾ. ಏನೂ ಆಗಿಲ್ಲ ಅಂತ ಹೇಳೋರಿಗೆ ಟೈಫಾಯ್ಡ್ ಆಗೇತಿ.”

೩. ಲಿಂಬಿಹಣ್ಣು

ದಸರೆಯ ಖಂಡೇ ಪೂಜೆಗೆ ಸ್ಪ್ಯಾನರಿನಿಂದ ಹಿಡಿದು ತಕ್ಕಡಿಯವರೆಗೆ ಎಲ್ಲಕ್ಕೂ ಕುಂಕುಮ ಬಿತ್ತು. ಇನ್ನು ಮುಂದೆ ತಮಗೆ ಈ ಪೂಜೆ ಇಲ್ಲ ಅಂದುಕೊಂಡರೋ ಏನೋ, ಕಾಕಾ ವಿಮಾನದ ಮುಂದಿನ ಗಾಲಿಯ ಕಂಬಿಗೆ ಕರಿದಾರದಲ್ಲಿ ಒಂದು ಲಿಂಬಿಹಣ್ಣು, ಏಳು ಹಸಿಮೆಣಸಿನಕಾಯಿ ಕಟ್ಟಿದರು. ಹಬ್ಬ ಮುಗಿದ ಮರುದಿನ ಬೆಳಿಗ್ಗೆ, ಯಾರೂ ಬಿಚ್ಚುವ ಮೊದಲೇ, ಬೆಂಗಳೂರಿನಿಂದ ತಪಾಸಣೆಯ ಅಧಿಕಾರಿ ಬಂದಿಳಿದರು.

ಬಗ್ಗಿ ನೋಡಿ ಕೇಳಿದರು: “ಇದು ಯಾವ ಪಾರ್ಟು? ಪಟ್ಟಿಯಲ್ಲಿ ಇಲ್ಲವಲ್ಲ. ಯಾರು ಅಳವಡಿಸಿದ್ದು?”

“ನಾನ್ರೀ ಸಾಹೇಬ್ರ.”

“ನಿಮಗೆ ಲೈಸೆನ್ಸ್ ಇದೆಯಾ?”

“ಲಿಂಬಿಹಣ್ಣಿಗೂ ಬೇಕೇನ್ರೀ?”

ಕಾಕಾ ಬಿಚ್ಚಲು ಕೈ ಚಾಚಿದರು. “ಮುಟ್ಟಬೇಡಿ!” ಅಂತ ಅಧಿಕಾರಿ ಚೀರಿದರು. ಕೊನೆಗೆ ನಮ್ಮ ಎಂಜಿನಿಯರು ಬಂದು ದಾರ ಕತ್ತರಿಸಿ, ಲಿಂಬಿಹಣ್ಣು ತೆಗೆದದ್ದಕ್ಕೆ ಸಹಿ ಹಾಕಿದರು. ಅಧಿಕಾರಿ ಇಂಗ್ಲಿಷಿನಲ್ಲಿ ಹೇಳುತ್ತ ಹೋದರು, ನಾನು ಪುಸ್ತಕದಲ್ಲಿ ಬರೆಯುತ್ತ ಹೋದೆ: ‘ಲಿಂಬಿಹಣ್ಣು ಒಂದು, ಮೆಣಸಿನಕಾಯಿ ಏಳು. ಅನುಮತಿ ಇಲ್ಲದೆ ಅಳವಡಿಸಿದವರು...’ ಮುಂದೆ ಕಾಕಾರ ಪೂರ್ತಿ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಸಮೇತ. ಮಾಲೀಕರು ಎಲ್ಲರೆದುರಿಗೆ ಬೈದರು.

ಸಂಜೆ ನನ್ನ ಮೇಜಿನ ಹತ್ತಿರ ಬಂದರು. ಅಳುತ್ತಾರೆ ಅಂದುಕೊಂಡೆ.

“ತಂಗಿ, ಆ ಹಾಳಿದು ಒಂದು ಝೆರಾಕ್ಸ್ ಕೊಡವಾ.”

ನಿವೃತ್ತಿಯಾದ ಮೇಲೆ ಗುಡಗೇರಿಗೆ ಅವರ ಮನೆಗೆ ಹೋಗಿದ್ದೆ. ದೇವರ ಫೋಟೊಗಳ ಬಾಜೂಕೇ ಗಾಜಿನ ಕಟ್ಟು ಹಾಕಿಸಿದ ಆ ಹಾಳೆ, ಅದಕ್ಕೊಂದು ಮಾಲೆ.

“ವಿಮಾನದ ಪುಸ್ತಕದಾಗ ಇವರ ಹೆಸರು ಬಂದೇತ್ರೀ ಬಾಯಾರ,” ಅಂದರು ಕಾಕಾರ ಹೆಂಡತಿ, ನಮ್ಮ ಕಾಕೂ. “ನನಗ ಇಂಗ್ಲಿಷ್ ಬರಂಗಿಲ್ಲ. ಏನ ಬರದಾರ, ನೀವರ ಓದಿ ಹೇಳ್ರಿ.”

ದಾಖಲೆಯ ವಿಷಯದಲ್ಲಿ ಒಂದು ಅಕ್ಷರ ಸುಳ್ಳು ಹೇಳಿದವಳಲ್ಲ ನಾನು. ಅವತ್ತು ಹೇಳಿದೆ: “ವಿಮಾನದ ಕೆಲಸ ಎಲ್ಲಾ ಇವರ ಮಾಡ್ಯಾರ ಅಂತ ಬರದಾರ್ರೀ.”

ಮೂಲೆಯಿಂದ ಕಾಕಾ ಗದರಿದರು. “ಸುಳ್ಳ್ಯಾಕ ಹೇಳ್ತಿ ತಂಗಿ? ಲಿಂಬಿಹಣ್ಣಿಂದ ಓದು. ಇಪ್ಪತ್ತೆರಡು ವರ್ಷದಾಗ ಯಾರ ಸಹಿನೂ ಕೇಳದ ಮಾಡಿದ ಕೆಲಸ ಅದೊಂದ!”