ಕಣ್ಣಲ್ಲೇ ಕೇಳಿದ ಉಪ್ಪು

"ವಾಣಿ, ಇನ್ಮೇಲೆ ನಮ್ಮನೇಲಿ ಅರಚಾಟ ಬಂದ್! ನಾನು ಏನ್ ಹೇಳೋದಿದ್ರೂ ಕಣ್ಣಲ್ಲೇ ಹೇಳ್ತೀನಿ!"

ಹಾಸನದಲ್ಲಿ ಸಿನಿಮಾ ನೋಡಿ ಬಾಳ್ಳುಪೇಟೆಗೆ ಮರಳುವಾಗ, ಆಲೂರು ದಾಟುವಷ್ಟರಲ್ಲಿ ಹೆಂಡತಿಯ ಮುಂದೆ ನಾನು ಹೀಗೆ ಘೋಷಿಸಿಬಿಟ್ಟೆ. ತಪ್ಪು ನನ್ನದಲ್ಲ, ಆ ಸಿನಿಮಾದ್ದು! ಪಕ್ಕದ ಥಿಯೇಟರಿನಲ್ಲಿ ಹೀರೋ ಒದ್ದರೆ ಜೀಪುಗಳು ಹಾರುತ್ತಿದ್ದವು, ಜನ ಶಿಳ್ಳೆ ಹೊಡೆಯುತ್ತಿದ್ದರು. ನಮ್ಮ ಸಿನಿಮಾದಲ್ಲಿ ಒಬ್ಬ ಅಪ್ಪ, ಮುನಿಸಿಕೊಂಡ ಮಗಳಿಗೆ ಅನ್ನ ಬಡಿಸುತ್ತಾನೆ. ಅವಳು ಎದ್ದು ಹೋಗುತ್ತಾಳೆ. ಅವನು ಆ ತಟ್ಟೆಯನ್ನೇ ನೋಡುತ್ತಾ ಕೂರುತ್ತಾನೆ. ಅಷ್ಟೇ! ಮಾತಿಲ್ಲ, ಮ್ಯೂಸಿಕ್ಕೂ ಇಲ್ಲ, ಎಲ್ಲ ಕಣ್ಣಲ್ಲೇ. ಬಂದಿದ್ದ ಬೆರಳೆಣಿಕೆಯ ಜನರೆಲ್ಲ ಮೂಗೊರೆಸಿಕೊಂಡೆವು.

ಅಲ್ಲಿಯವರೆಗೆ ಬರೀ ಹಾಸ್ಯ ಬರೆಯುತ್ತಿದ್ದ ನನ್ನ ಕಲಾಜೀವನ ಮರುದಿನ ಬೆಳಿಗ್ಗೆ ಶುರು. ರೊಟ್ಟಿ ಜೊತೆಗಿನ ಚಟ್ನಿಗೆ ಉಪ್ಪಿರಲಿಲ್ಲ. ಹಳೆಯ ನಾನಾಗಿದ್ದರೆ ಕೂಗು ದೋಣಿಗಲ್‌ವರೆಗೆ ಕೇಳಿಸುತ್ತಿತ್ತು. ಈಗ ವಾಣಿಯನ್ನೇ ದಿಟ್ಟಿಸಿದೆ. ಕಣ್ಣಲ್ಲಿ ಕೊಂಚ ನೋವು, ಅದರ ಮೇಲೆ ಕ್ಷಮೆ, ತುದಿಯಲ್ಲಿ ಉಪ್ಪಿನ ಬೇಡಿಕೆ!

"ಯಾಕ್ರೀ, ಹೊಟ್ಟೆ ಸರಿ ಇಲ್ವಾ?"

ನಾನು ಹುಬ್ಬನ್ನು ಮೆಲ್ಲಗೆ ನಡುಗಿಸಿದೆ.

"ಅಯ್ಯಯ್ಯೋ! ಕೆಂಚಮ್ಮಕ್ಕ, ಓಡ್ ಬಾ! ಇವ್ರಿಗೇನೋ ಆಗ್ಬುಟ್ಟೈತೆ!"

ಪಕ್ಕದ ಮನೆಯ ಕೆಂಚಮ್ಮ ಬಂದು ನನ್ನ ಮುಖ ನೋಡಿದಳು. "ದೃಷ್ಟಿ ಕಣವ್ವ, ಭಾರೀ ದೃಷ್ಟಿ ತಾಕೈತೆ!" ಎಂದವಳೇ ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಶಿರಾಡಿ ಘಾಟಿ ಎಷ್ಟೋ ಸಲ ಇಳಿದವನು ನಾನು, ಇಂಥ ಘಾಟು ಕಂಡಿರಲಿಲ್ಲ! ಕಣ್ಣಲ್ಲಿ ಧಾರಾಕಾರ ನೀರು.

"ನೋಡು, ನೋವು ತಡೀಲಾರ್ದೆ ಅಳ್ತಾವ್ರೆ!" ಎಂದು ವಾಣಿಯೂ ಅಳತೊಡಗಿದಳು. ಬಾಯಿ ಬಿಟ್ಟುಬಿಡೋಣ ಅನ್ನಿಸಿತು. ಆದರೆ ಸಿನಿಮಾದ ಆ ಅಪ್ಪ ಬಾಯಿ ಬಿಟ್ಟಿದ್ದನೇ? ಇಲ್ಲ!

ಅಷ್ಟರಲ್ಲಿ ಭಾವಮೈದ ಯೋಗೇಶ ಜೀಪು ತಂದು, ನನ್ನನ್ನು ಗೊಬ್ಬರದ ಚೀಲದಂತೆ ಒಳಗೆ ತುಂಬಿ, ವಾಣಿಯನ್ನೂ ಹತ್ತಿಸಿಕೊಂಡು, ಸಕಲೇಶಪುರದ ಡಾಕ್ಟರ ಮುಂದೆ ಇಳಿಸಿದ.

"ಏನಾಗ್ತಿದೆ, ಹೇಳಿ" ಎಂದರು ಡಾಕ್ಟರು. ನಾನು ಕಣ್ಣಲ್ಲೇ ವಿವರಿಸಿದೆ. ಅವರು ಗಾಬರಿಯಾಗಿ, "ಸಿಸ್ಟರ್, ಇಂಜೆಕ್ಷನ್ ತನ್ನಿ!" ಎಂದರು. ಸೂಜಿ ಬಂತು. ಅದರ ಉದ್ದ ನೋಡಿದ್ದೇ ತಡ, ನನ್ನೊಳಗಿನ ಕಲಾವಿದ ಓಡಿಹೋದ!

"ಬ್ಯಾಡಾ! ಚಟ್ನಿಗೆ ಉಪ್ಪಿರ್ಲಿಲ್ಲ ಅಷ್ಟೇ ಡಾಕ್ಟ್ರೇ! ನಾನು ನಟನೆ ಮಾಡ್ತಿದ್ದೆ!"

ಹೊರಗೆ ಕೂತಿದ್ದ ರೋಗಿಗಳೆಲ್ಲ ಎದ್ದು ನಿಂತರು. ವಾಣಿ ಸೆರಗಿನಿಂದ ನಿಧಾನಕ್ಕೆ ಕಣ್ಣೊರೆಸಿಕೊಂಡಳು.

"ಇದು ನಟನೆಯಾ? ನೀವು ಹಾಸ್ಯ ಬರೆದು ಓದಿ ಹೇಳ್ದಾಗೆಲ್ಲ ಹೊಟ್ಟೆ ಹಿಡ್ಕೊಂಡು ನಗ್ತೀನಲ್ಲ, ಒಂದಿನಾದ್ರೂ ನಿಮಗೆ ಅನುಮಾನ ಬಂತೇನ್ರೀ?"