ನಾಗಸಂಪಿಗೆಗೆ ನಾನು ಮಾಡಿದ ಮೇಕಪ್

ಗಿಡಕ್ಕೆ ನೀರು ಹಾಕಲು ಟ್ರೇನಿಂಗ್ ಬೇಕೇ? ನಮ್ಮ ಯಜಮಾನರ ಪ್ರಕಾರ ಬೇಕು. ತಂಗಿಯ ಮನೆಗೆ ಹೊರಟವರು ಆಟೋ ನಿಲ್ಲಿಸಿಕೊಂಡೇ ಅಪ್ಪಣೆ ಕೊಡಿಸಿದರು:

"ನೀರು ಮಾತ್ರ ಹಾಕು. ಬೇರೆ ಏನೂ ಮಾಡ್ಬೇಡ. ದಮ್ಮಯ್ಯ!"

ದಮ್ಮಯ್ಯ ಅಂತೆ! ಮಕ್ಕಳನ್ನು ಸಾಕಿ, ಮೊಮ್ಮಕ್ಕಳನ್ನೂ ಆಡಿಸಿದವಳಿಗೆ ಒಂದು ಕುಂಡದ ಬಗ್ಗೆ ವಾರ್ನಿಂಗ್! ಮೈಯೆಲ್ಲ ಉರಿದುಹೋಯಿತು.

ಗಿಡ ನಾಗಸಂಪಿಗೆ. ಘಟ್ಟದ ಮಳೆಕಾಡಿನಿಂದ ಬೀಜ ತಂದು ಲಕ್ಷ್ಮೀಪುರದ ನಮ್ಮ ಅಂಗಳದಲ್ಲಿ ಅವರೇ ಬೆಳೆಸಿದ್ದು. ಅವರು ವಾಪಸ್ ಬಂದ ಮಾರನೇ ದಿನ, ಭಾನುವಾರ, ಬೀದಿ ಕೊನೆಯ ಪಾರ್ಕಿನಲ್ಲಿ ಅದನ್ನು ನೆಡುವ ಫಂಕ್ಷನ್. ಬಡಾವಣೆಯವರನ್ನೆಲ್ಲ ಕರೆದಾಗಿತ್ತು. ಅಷ್ಟರೊಳಗೆ ಗಿಡವನ್ನು ಮದುಮಗಳಂತೆ ರೆಡಿ ಮಾಡಿ ಇವರ ಬಾಯಿ ಮುಚ್ಚಿಸುವುದೆಂದು ಸಂಕಲ್ಪ ಮಾಡಿದೆ.

ಮೊದಲು ಎಲೆ ತಿರುಗಿಸಿ ನೋಡಿದೆ. ಅಡಿಯಲ್ಲೆಲ್ಲ ಬಿಳಿ ಪೌಡರ್! ಫಂಗಸ್! ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಒಂದೊಂದೇ ಎಲೆಯನ್ನು ತಿಕ್ಕಿದೆ. ಆಮೇಲೆ ಕುಂಡ. ಮಣ್ಣಿನ ಮೇಲೆ ಕೊಳೆತ ಎಲೆಗಳ ರಾಶಿ. ಮನೆ ಮುಂದೆ ಕಸ ಇಟ್ಟುಕೊಂಡು ಯಾವ ಮುತ್ತೈದೆ ಸುಮ್ಮನಿರುತ್ತಾಳೆ? ಗುಡಿಸಿ, ಬರಿಯ ಕೆಮ್ಮಣ್ಣು ಹರಡಿ, ಕುಂಡದ ಸುತ್ತ ರಂಗೋಲಿ ಬಿಟ್ಟೆ.

ಎಲೆಗಳ ತುದಿ ಮಾತ್ರ ಇಲಿಬಾಲದಂತೆ ಉದ್ದಕ್ಕೆ ನೇತಾಡುತ್ತಿತ್ತು. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಪ್ರೇಯರ್ ಮುಗಿದ ಕೂಡಲೇ ಉಗುರು ನೋಡುತ್ತಿದ್ದರು. ಆ ಡಿಸಿಪ್ಲಿನ್ ಎಲ್ಲಿ ಹೋಗುತ್ತದೆ? ಕಸೂತಿ ಕತ್ತರಿ ತಂದು ಎಲ್ಲ ಎಲೆಗೂ ಟ್ರಿಮ್ ಮಾಡಿದೆ. ನೀಟ್!

ಕೆಲವು ದಿನಗಳಲ್ಲಿ ಘೋರ ನಡೆಯಿತು. ರೆಂಬೆಗಳ ತುದಿಯಲ್ಲಿ ಹೊಸ ಎಲೆಗಳು ಬಂದವು, ಕೆಂಪಗೆ, ಜೀವವಿಲ್ಲದಂತೆ ಜೋತುಬಿದ್ದು. ಪಕ್ಕದ ಮನೆಯ ಸರೋಜಮ್ಮನನ್ನು ಕೂಗಿದೆ.

"ಅಯ್ಯಯ್ಯೋ, ರಕ್ತ ಕಾರ್ಕೊಂಡಂಗೆ ಐತಲ್ರೀ! ಕಿತ್ತಾಕ್ಬುಡಿ, ಮಿಕ್ಕ ಎಲೆಗೂ ಅಂಟ್ಕೊಂಡ್ಬುಡ್ತದೆ!"

ಕಿತ್ತುಹಾಕಿದೆ. ಒಂದನ್ನೂ ಬಿಡಲಿಲ್ಲ. ಎಮರ್ಜೆನ್ಸಿ ಆಪರೇಷನ್ ಸಕ್ಸೆಸ್!

ಶನಿವಾರ ಯಜಮಾನರು ಬಂದರು. ಚಪ್ಪಲಿ ಬಿಡುವ ಮೊದಲೇ ಗಿಡ ನೋಡಿದರು. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಆ ಬಿಳಿ ಪೌಡರ್ ಎಲ್ಲಿ?"

"ತೊಳ್ದೆ. ಫಂಗಸ್."

"ಮೇಣ ಕಣೇ ಅದು! ಎಲೇಲಿರೋ ನೀರು ಆರಿಹೋಗ್ದೆ ಇರ್ಲಿ ಅಂತ ಎಲೇನೇ ಬಳ್ಕೊಂಡಿರೋದು. ತುದಿ ಯಾಕೆ ಕತ್ತರಿಸ್ದೆ?"

"ಅನ್‌ಟೈಡಿ ಆಗಿತ್ತು."

"ಮಳೆನೀರು ಜಾರಿ ಇಳಿಯೋಕೆ ಇರೋ ಸೂರಿನ ದೋಣಿ ಥರ ಅದು! ಎಲೆ ಮೇಲೆ ನೀರು ನಿಂತ್ರೆ ಪಾಚಿ ಕಟ್ಟುತ್ತೆ."

"ಲಕ್ಷ್ಮೀಪುರದಲ್ಲಿ ಅಷ್ಟು ಮಳೆ ಎಲ್ರೀ?"

"ಅದರ ಅಜ್ಜ ಮುತ್ತಜ್ಜ ಎಲ್ಲ ಘಟ್ಟದ ಮಳೇಲೇ ಬೆಳ್ದಿದ್ದು. ಇದು ಲಕ್ಷ್ಮೀಪುರ ಅಂತ ಎಲೆಗೆ ಯಾರು ಹೇಳ್ತಾರೆ? ಅಲ್ಲಿ ಸುರಿಯೋ ಮಳೆಗೆ ಮಣ್ಣಿನ ಸಾರ ಎಲ್ಲ ಕೊಚ್ಚಿಹೋಗುತ್ತೆ. ಮೇಲೆ ಬಿದ್ದು ಕೊಳೆಯೋ ಎಲೇನೇ ಅದರ ಊಟ. ನೀನು ತಟ್ಟೆ ಕಿತ್ಕೊಂಡು ರಂಗೋಲಿ ಹಾಕಿದ್ದೀಯ!"

ಕೆಂಪು ಎಲೆಯ ವಿಷಯ ನಾನಾಗಿ ಹೇಳಲಿಲ್ಲ. ಸರೋಜಮ್ಮ ಕಾಂಪೌಂಡಿನಾಚೆಯಿಂದ ಹೇಳಿದಳು.

ಅವರು ಕೂಗಾಡಲಿಲ್ಲ. "ಅದು ಚಿಗುರು. ಮೊದ್ಲು ಕೆಂಪಗೆ, ಮೆತ್ತಗೆ ಜೋತುಬೀಳುತ್ತೆ. ಆಮೇಲೆ ಹಸಿರಾಗಿ ಗಟ್ಟಿಯಾಗುತ್ತೆ. ಅದನ್ನ ತೋರ್ಸೋಕೇ ಎಲ್ಲರನ್ನೂ ಕರ್ದಿದ್ದೆ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಹೋಗೋವಾಗ್ಲೇ ಇಷ್ಟೂ ಬೊಗಳೋಕೆ ಏನಾಗಿತ್ತು?" ಎಂದು ಚೀರಿದೆ. ಅವರು ಕಸದ ಬುಟ್ಟಿಯಿಂದ ಬಾಡಿದ ಚಿಗುರೊಂದನ್ನು ಎತ್ತಿ ಅಂಗೈ ಮೇಲೆ ಬಿಡಿಸುತ್ತಿದ್ದರು. ನಮ್ಮ ಸ್ಕೂಲ್ ಡೇಗೆ ಕಟ್ಟುತ್ತಿದ್ದ ಸ್ಯಾಟಿನ್ ರಿಬ್ಬನ್ನಿನದೇ ಬಣ್ಣ. ಎಷ್ಟು ಚೆಂದ ಇತ್ತಲ್ಲ, ಹಾಳಾದ್ದು! ಕೀಳುವಾಗ ಕಾಣಲೇ ಇಲ್ಲ.

ಭಾನುವಾರ ಬಾಲ ಕತ್ತರಿಸಿದ ಆ ಗಿಡವನ್ನೇ ನೆಟ್ಟರು. ಅಧ್ಯಕ್ಷರು "ಮೇಡಂ ಅವರೇ ಸ್ವತಃ ಆರೈಕೆ ಮಾಡಿದ ಸಸಿ" ಎಂದು ಮೈಕಿನಲ್ಲಿ ಸಾರಿ, ನನಗೆ ಶಾಲು ಹೊದಿಸಿದರು. ಚಪ್ಪಾಳೆ ಬೇರೆ! ಭೂಮಿ ಬಾಯಿ ಬಿಡಲಿಲ್ಲ.

ಸೋಮವಾರ ಯಜಮಾನರು ಗಿಡದ ಸುತ್ತ ಕಬ್ಬಿಣದ ಜಾಲರಿ ಹಾಕಿಸಿ, ಅದಕ್ಕೊಂದು ಪುಟ್ಟ ಬಾಗಿಲಿಟ್ಟು ಬೀಗ ಜಡಿದರು.

"ಪಾರ್ಕೊಳಗೂ ದನ ಬರ್ತಾವಾ?" ಎಂದಳು ಸರೋಜಮ್ಮ.

"ದನಕ್ಕಲ್ಲ ಕಣಮ್ಮ" ಎಂದು ನನ್ನ ಕಡೆ ನೋಡಿದರು.

ಬೀಗದ ಕೈ ಈಗ ಅವರ ಜನಿವಾರದಲ್ಲಿದೆ. ಮಲಗಿದಾಗಲೂ ಬಿಚ್ಚುವುದಿಲ್ಲ. ನಾನು ಚೆಕ್ ಮಾಡಿದ್ದೇನೆ!