ಕೋಚನ್ನು ಬೈದು ಕಳಿಸಿದ ನನ್ನ ಷಡ್ಡಕರು

ಸೋಲೇ ಮನುಷ್ಯನ ನಿಜವಾದ ಗುರು ಎಂದು ತಿಳಿದವರು ಹೇಳುತ್ತಾರೆ. ಹೇಳಲಿ. ಅವರು ಯಾರೂ ನನ್ನ ಷಡ್ಡಕರ ಪಕ್ಕದಲ್ಲಿ ಕುಳಿತು ಫುಟ್‌ಬಾಲ್ ಪಂದ್ಯ ನೋಡಿದವರಲ್ಲ. ನನ್ನ ಷಡ್ಡಕರ ಸಿದ್ಧಾಂತದ ಪ್ರಕಾರ ಪ್ರತಿ ಸೋಲಿನ ಹಿಂದೆಯೂ ಒಬ್ಬ ಗುರು ಇರುತ್ತಾನೆ, ಅವನಿಗೆ ಕೋಚ್ ಎಂದು ಹೆಸರು, ಮತ್ತು ಅವನನ್ನು ಸೋಮವಾರ ಬೆಳಗಾಗುವುದರೊಳಗೆ ಮನೆಗೆ ಕಳಿಸಬೇಕು.

ಎರಡು ಸಾವಿರದ ಆರೋ ಏಳೋ ಇಸವಿಯ ಮಾತು. ಸ್ವೀಡನ್ನಿನಲ್ಲಿ ಆಗ ಇದ್ದ ಬೆರಳೆಣಿಕೆಯ ಕನ್ನಡಿಗರಲ್ಲಿ ಸಾಧಕರಿಗೇನೂ ಕೊರತೆ ಇರಲಿಲ್ಲ. ಒಬ್ಬರು ಪೇಟೆಂಟ್ ಪಡೆದಿದ್ದರು, ಇನ್ನೊಬ್ಬರು ಹೆಪ್ಪುಗಟ್ಟಿದ ಸರೋವರದ ಮೇಲೆ ಸ್ಕೇಟಿಂಗ್ ಕಲಿತು ಕೈ ಮುರಿದುಕೊಂಡಿದ್ದರು. ಆದರೆ ಬರೀ ಬಾಯಿಯ ಬಲದಿಂದ ಒಂದು ಕಾಲೇಜು ತಂಡದ ಕೋಚನ್ನು ನಿಜವಾಗಿಯೂ ಮನೆಗೆ ಕಳಿಸಿದ ಕೀರ್ತಿ ನನ್ನ ಷಡ್ಡಕರೊಬ್ಬರದೇ. ಆ ಕೀರ್ತಿ ತಮಗೆ ಬೇಡವಾಗಿತ್ತು ಎಂದು ಅವರು ಆಮೇಲೆ ಎಷ್ಟು ಹೇಳಿಕೊಂಡರೂ ಪ್ರಯೋಜನವಾಗಲಿಲ್ಲ.

ನನ್ನ ಹೆಂಡತಿಯ ಅಕ್ಕನ ಗಂಡ ಇವರು; ನಾನು ಕರೆಯುವುದು ಇವರನ್ನು ಭಾವ, ಅವರನ್ನು ಅಕ್ಕ ಎಂದು. ವೆಸ್ಟೆರಾಸ್ ಎಂಬ ಊರಿನಲ್ಲಿ ಟ್ರಾನ್ಸ್‌ಫಾರ್ಮರ್‌ಗಳ ಎಂಜಿನಿಯರು. ಹುಟ್ಟಿ ಬೆಳೆದದ್ದು ಬೆಂಗಳೂರಿನ ಆಸ್ಟಿನ್ ಟೌನಿನಲ್ಲಿ, ಅಲ್ಲಿಯ ಮೈದಾನದ ಗೋಡೆಗೆ ಆತುಕೊಂಡಂತಿದ್ದ ಮನೆಯಲ್ಲಿ. ಅವರ ಕಾಲೇಜು ಒಮ್ಮೆ ಪಕ್ಕದ ಕಾಲೇಜಿನ ಎದುರು ಸೋತಾಗ ಹುಡುಗರೆಲ್ಲ ಸೇರಿ ಕೋಚ್ ಮಹಾಶಯರ ಅಣಕು ಶವಯಾತ್ರೆ ತೆಗೆದರಂತೆ. ಮೆರವಣಿಗೆ ಟೀ ಅಂಗಡಿಯ ಹತ್ತಿರ ಬಂದಾಗ ಕೋಚ್ ತಾವೇ ಎದುರಾಗಿ, ಒಂದು ಲೋಟ ಟೀ ಕುಡಿದು, "ಹಾರ ಇಷ್ಟು ಸಣ್ಣದಾ? ಮರ್ಯಾದೆ ಬೇಡ್ವೇನ್ರೋ ನಿಮಗೆ?" ಎಂದು ಆಕ್ಷೇಪಿಸಿ, ಚಟ್ಟಕ್ಕೆ ತಾವೂ ಸ್ವಲ್ಪ ದೂರ ಹೆಗಲು ಕೊಟ್ಟರಂತೆ. ಆಮೇಲೂ ಎಷ್ಟೋ ವರ್ಷ ಅವರೇ ಕೋಚ್. ಬೈಗುಳ ಎಂದರೆ ಹೀಗಿರಬೇಕು ಎಂಬುದು ಭಾವನವರು ಅಂದು ಕಲಿತ ಪಾಠ.

ಈ ಪಾಠವನ್ನು ಅವರು ಸ್ವೀಡನ್ನಿಗೆ ತಂದರು. ತಂದದ್ದನ್ನು ಬಿಚ್ಚುವುದಕ್ಕೆ ಬಹುಕಾಲ ಅವಕಾಶ ಸಿಗಲಿಲ್ಲ. ಒಂದು ಶನಿವಾರ ಅಕ್ಕ ಹುಳಿಯನ್ನಕ್ಕೆ ಒಗ್ಗರಣೆ ಹಾಕಿದಾಗ ಮನೆಯ ಹೊಗೆ ಅಲಾರಂ ಎಂದಿನಂತೆ ಕೂಗಿತು. ಭಾವನವರು ಎಂದಿನಂತೆ ಬಾಲ್ಕನಿಗೆ ಓಡಿದರು. ಕೆಳಗೆ ಊರಿನ ಕಾಲೇಜಿನ ಮೈದಾನದಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡ ಆಡುತ್ತಿತ್ತು. ಅಲಾರಂ ನಿಂತಿತು, ಅನ್ನ ಆರಿತು, ಭಾವನವರು ಒಳಗೆ ಬರಲಿಲ್ಲ. ಮುಂದಿನ ಶನಿವಾರದಿಂದ ಅವರು ಮೈದಾನದಲ್ಲೇ ಇದ್ದರು: ಮಂಕಿ ಕ್ಯಾಪು, ಕೊಡೆ, ಡಬ್ಬಿಯಲ್ಲಿ ಹುಳಿಯನ್ನ. ಅವರ ಹುರುಪು ನೋಡಲೆಂದೇ ನಾನೂ ಸ್ಟಾಕ್‌ಹೋಮ್‌ನಿಂದ ಆಗಾಗ ರೈಲು ಹಿಡಿದು ಹೋಗುತ್ತಿದ್ದೆ. ಹುಳಿಯನ್ನವೂ ಒಂದು ಕಾರಣ ಎಂಬುದನ್ನು ಅಲ್ಲಗಳೆಯುವುದಿಲ್ಲ.

ಅಲ್ಲಿ ಪ್ರೇಕ್ಷಕರೆಂದರೆ ಆಟಗಾರ್ತಿಯರ ಕೆಲವು ತಂದೆತಾಯಂದಿರು, ಒಬ್ಬಿಬ್ಬರು ಗೆಳೆಯರು, ಒಂದು ನಾಯಿ. ಇವರ ಸಂಯಮ ತಪಸ್ವಿಗಳದು. ಗೋಲು ಹೊಡೆದರೆ ಕೈಗವಸು ಹಾಕಿದ ಕೈಯಿಂದ ಚಪ್ಪಾಳೆ, ಅದು ಕೇಳಿಸುವುದಿಲ್ಲ. ಐದು ಗೋಲಿನಿಂದ ಸೋತರೆ "ಬ್ರಾ ಶೆಂಪಾಟ್", ಎಂದರೆ ಚೆನ್ನಾಗಿ ಹೋರಾಡಿದಿರಿ.

"ಐದು ಗೋಲ್ ತಿಂದು ಏನ್ ಚೆನ್ನಾಗಿ ಹೋರಾಡಿದ್ದು?" ಎಂದು ಭಾವ ಹಲ್ಲು ಕಡಿಯುತ್ತಿದ್ದರು. "ನಾಯಿಗಿರೋ ಕಾಳಜಿ ಇವರಿಗಿಲ್ಲ ನೋಡಯ್ಯಾ. ಅದಾದ್ರೂ ಒಂದ್ಸಲ ಬೊಗಳ್ತು."

ತಂಡದ ಕೋಚ್ ಬಿರ್ಗಿಟ್ಟಾ. ಅದೇ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕಿ, ನಿವೃತ್ತಿಗೆ ಹತ್ತಿರದ ವಯಸ್ಸು, ಸಂಬಳವಿಲ್ಲದ ಹುದ್ದೆ. ಆಕೆಯದು ಒಂದೇ ತತ್ತ್ವ: ತಂಡದಲ್ಲಿರುವ ಎಲ್ಲರೂ ಆಡಬೇಕು, ಸರದಿ ಬಂದವರು ಇಳಿಯಲೇಬೇಕು. ನಮ್ಮ ಕಡೆ ಬಾಳೆಲೆಯ ಪಂಕ್ತಿಯಲ್ಲಿ ಪಲ್ಯ ಬಡಿಸುವವರಿಗೆ ಈ ತತ್ತ್ವ ಒಪ್ಪುತ್ತದೆ. ಫುಟ್‌ಬಾಲಿಗೆ ಒಪ್ಪುತ್ತದೆಯೇ ಎಂಬುದೇ ಪ್ರಶ್ನೆ.

ಪ್ರಶ್ನೆ ಎದ್ದದ್ದು ಎಸ್ಕಿಲ್ಸ್‌ಟೂನಾ ಪಂದ್ಯದಲ್ಲಿ. ಎಸ್ಕಿಲ್ಸ್‌ಟೂನಾ ಎಂದರೆ ಮೆಲಾರೆನ್ ಸರೋವರದ ಆಚೆಯ ಊರು. ಅಲ್ಲಿಯ ಕಾಲೇಜು ನಮ್ಮ ಕಾಲೇಜಿನ ಪರಮ ವೈರಿ. ವೈರ ಎಂದರೆ ಸ್ವೀಡನ್ನಿನ ವೈರ: ಪಂದ್ಯದ ಮೊದಲು ಪರಸ್ಪರ ಕಾಫಿ ಬಗ್ಗಿಸಿ ಕೊಡುವಾಗ ಸಕ್ಕರೆ ಬೇಕೇ ಎಂದು ಕೇಳುವುದಿಲ್ಲ, ಅಷ್ಟೆ. ಪಂದ್ಯ ಎರಡು–ಎರಡರ ಸಮದಲ್ಲಿತ್ತು. ಮುಗಿಯಲು ಸ್ವಲ್ಪವೇ ಹೊತ್ತು. ನಮ್ಮ ಎರಡೂ ಗೋಲು ಹೊಡೆದಿದ್ದ ಸಾರಾ ಎಂಬ ಹುಡುಗಿ ಚೆಂಡು ಹಿಡಿದರೆ ಎದುರಾಳಿಗಳು ದಾರಿ ಬಿಡುತ್ತಿದ್ದರು. ಬಿರ್ಗಿಟ್ಟಾ ಕೈಯೆತ್ತಿ ಆ ಸಾರಾಳನ್ನು ಹೊರಗೆ ಕರೆದು ಮಾಯಾ ಎಂಬವಳನ್ನು ಒಳಗೆ ಕಳಿಸಿದರು. ಮಾಯಾ ಒಳ್ಳೆಯ ಹುಡುಗಿ. ಚೆಂಡು ತನ್ನ ಹತ್ತಿರ ಬಂದರೆ ಕ್ಷಮೆ ಕೇಳುವ ಸ್ವಭಾವ.

ಭಾವನವರು ಎದ್ದು ನಿಂತರು. ಕೊಡೆ ಬಿತ್ತು.

"ಏನಮ್ಮಾ ತಾಯಿ, ತಲೆ ನೆಟ್ಟಗಿದೆಯಾ ನಿಂಗೆ? ಹಾಲು ಕೊಡೋ ಹಸುನ ಹೊಡೆದಟ್ಟಿ ಕತ್ತೆ ಕಟ್ಟಿಹಾಕ್ತಿದ್ದೀಯಲ್ಲಾ!"

ಪಕ್ಕದಲ್ಲಿದ್ದ ಎಸ್ಕಿಲ್ಸ್‌ಟೂನಾದ ತಂದೆಯೊಬ್ಬರು ಇದು ಯಾವ ಭಾಷೆ, ಏನು ಹೇಳುತ್ತಿದ್ದಾರೆ ಎಂದು ನನ್ನನ್ನು ವಿನಯದಿಂದ ಕೇಳಿದರು. ಹೈನುಗಾರಿಕೆಯ ಬಗ್ಗೆ ಎಂದೆ.

ನಾವು ಮೂರು–ಎರಡರಿಂದ ಸೋತೆವು. ಸೋಲಿನ ನಂತರ ಭಾವನವರು ನೇರವಾಗಿ ಮೈದಾನಕ್ಕೆ ನಡೆದು, ಈ ಸಲ ಎಲ್ಲರಿಗೂ ತಿಳಿಯಲಿ ಎಂದು ಇಂಗ್ಲಿಷಿನಲ್ಲಿ, ನಿಮಗೆ ಕೋಚಿಂಗ್ ಬರುವುದಿಲ್ಲ, ನೀವು ರಾಜೀನಾಮೆ ಕೊಡಬೇಕು ಎಂದು ಘೋಷಿಸಿದರು. ತಂದೆತಾಯಂದಿರು ತಮ್ಮ ತಮ್ಮ ಬೂಟುಗಳನ್ನು ನೋಡಿಕೊಂಡರು. ನಾಯಿ ಕೂಡ ಬೇರೆ ಕಡೆ ನೋಡಿತು.

ಬಿರ್ಗಿಟ್ಟಾ ಕೋಪಿಸಿಕೊಳ್ಳಲಿಲ್ಲ. "ಭಾನುವಾರ ಫೀಕಾಗೆ ಬನ್ನಿ, ಮಾತಾಡೋಣ" ಎಂದರು. ಫೀಕಾ ಎಂದರೆ ಕಾಫಿ, ದಾಲ್ಚಿನ್ನಿಯ ಬನ್ನು, ಸಮಾಧಾನ. ಈ ದೇಶದಲ್ಲಿ ಮದುವೆಯೂ ವಿಚ್ಛೇದನವೂ ಅದರ ಮೂಲಕವೇ ಆಗುತ್ತವೆ.

ಫೀಕಾ ಮುಗಿಸಿ ಬಂದ ಭಾವನವರ ಮುಖದಲ್ಲಿ ದಿಗ್ವಿಜಯದ ಕಳೆಯಿತ್ತು. ಕೈಯಲ್ಲಿ ಉಳಿದ ಒಂದು ಬನ್ನು.

"ಎಲ್ಲಾ ಒಪ್ಪಿಕೊಂಡ್ರು ಕಣಯ್ಯಾ. ನಾನು ಒಂದೊಂದು ತಪ್ಪು ಹೇಳಿದ್ಹಾಗೆಲ್ಲ ಆಶ್ಚರ್ಯದಿಂದ ಉಸಿರು ಒಳಗೆಳ್ಕೋತಿದ್ರು, ಪಾಪ."

ಬಿರ್ಗಿಟ್ಟಾ ದೇಶದ ಉತ್ತರ ಭಾಗದವರು. ಅಲ್ಲಿಯವರು ಹೌದು ಎನ್ನಲು ಬಾಯಿ ತೆರೆಯುವುದಿಲ್ಲ. ಬಿಸಿ ಕಾಫಿ ಹೀರಿದಂತೆ ಸುಯ್ಯೆಂದು ಉಸಿರೆಳೆಯುತ್ತಾರೆ. ಆಶ್ಚರ್ಯವಲ್ಲ ಭಾವ, ಅದು ಸಮ್ಮತಿ ಎಂದೆ. "ಸಮ್ಮತಿಯಾದ್ರೆ ಇನ್ನೂ ಒಳ್ಳೇದು" ಎಂದು ಬನ್ನು ಮುರಿದು ನನಗರ್ಧ ಕೊಟ್ಟರು.

ಆ ಸಮ್ಮತಿ ಎಷ್ಟರ ಮಟ್ಟಿಗಿನದು ಎಂಬುದು ಆ ವಾರದಲ್ಲೇ ತಿಳಿಯಿತು. ತಂಡದ ಗೋಲ್‌ಕೀಪರ್ ಹುಡುಗಿ ಭಾವನವರ ಬೀದಿಯ ದಿನಸಿ ಅಂಗಡಿಯ ಗಲ್ಲಾದಲ್ಲಿ ಸಂಜೆ ಕೆಲಸ ಮಾಡುತ್ತಿದ್ದಳು. ಹಾಲಿನ ಡಬ್ಬಕ್ಕೆ ಚಿಲ್ಲರೆ ಕೊಡುತ್ತ ಹೇಳಿದಳಂತೆ: ಬಿರ್ಗಿಟ್ಟಾ ಕೋಚ್ ಕೆಲಸ ಬಿಟ್ಟಿದ್ದಾರೆ. ನೀವು ಹೇಳಿದ್ದು ಯೋಚಿಸಿ ನೋಡಿದರೆ ಸರಿ ಅನ್ನಿಸಿತಂತೆ. ಇನ್ನೊಬ್ಬರು ಸಿಗದಿದ್ದರೆ, ಮುಂದಿನ ತಿಂಗಳು ಎಸ್ಕಿಲ್ಸ್‌ಟೂನಾದಲ್ಲಿ ಮರುಪಂದ್ಯ ಇದೆಯಲ್ಲ, ಅದರೊಳಗೆ ತಂಡವನ್ನು ಲೀಗಿನಿಂದ ತೆಗೆಯುತ್ತಾರೆ. ಇಷ್ಟನ್ನೂ ಅವಳು ಸಿಟ್ಟಿಲ್ಲದೆ, ನಗುನಗುತ್ತ ಹೇಳಿದಳು. ಅದನ್ನೇ ಭಾವನವರಿಗೆ ತಡೆಯಲಾಗಲಿಲ್ಲ.

"ಬೈದ್ರೆ ಯಾರಾದ್ರೂ ಬಿಟ್ಟು ಹೋಗ್ತಾರೇನಯ್ಯಾ?" ಎಂದು ಫೋನಿನಲ್ಲಿ ನನ್ನನ್ನು ಕೇಳಿದರು. "ಜಗತ್ತಿನಲ್ಲಿ ಎಲ್ಲಾದ್ರೂ ಉಂಟಾ?"

"ಇಲ್ಲಿ ಬಿಟ್ಟು ಹೋಗ್ತಾರೆ ಭಾವ. ಇಲ್ಲಿ ಹೇಳಿದ್ದನ್ನ ಕೇಳಿಸ್ಕೋತಾರೆ."

"ನಮ್ಮೂರಲ್ಲಿ ಕ್ರಿಕೆಟ್ ಸೆಲೆಕ್ಟರುಗಳನ್ನ ಮೂವತ್ತು ವರ್ಷದಿಂದ ಬೈತಿದ್ದೀನಿ. ಒಬ್ಬನಾದ್ರೂ ಅಲುಗಾಡಿದ್ನಾ?"

ಹಿಂದಿನಿಂದ ಅಕ್ಕನ ದನಿ ಕೇಳಿಸಿತು. "ಗೆದ್ರಲ್ಲ ರಾಯರು, ಆರತಿ ತಟ್ಟೆ ತರ್ಲಾ?"

ಭಾವನವರು ಬೇರೆ ಕೋಚ್ ಹುಡುಕಲು ಹೊರಟರು. ಆಫೀಸಿನಲ್ಲಿ ಹತ್ತು ಜನರನ್ನು ಕೇಳಿದರು. ಎಲ್ಲರೂ ತುಂಬ ಆಸಕ್ತಿದಾಯಕ ವಿಷಯ ಎಂದರು. ಸ್ವೀಡನ್ನಿನಲ್ಲಿ ಆಸಕ್ತಿದಾಯಕ ಎಂದರೆ ಇಲ್ಲ ಎಂದರ್ಥ. ತಾವೇ ಕೋಚ್ ಆಗಬಹುದೇ ಎಂದು ಆಟಗಾರ್ತಿಯರನ್ನು ವಿಚಾರಿಸಿದಾಗ ಅವರು ಇನ್ನೂ ಆಸಕ್ತಿದಾಯಕ ಎಂದರು. ಒಂದು ಶನಿವಾರ ನಾನು ಹೋದಾಗ ಬಾಲ್ಕನಿಯಲ್ಲಿ ಕುಳಿತಿದ್ದರು. ಕೆಳಗೆ ಖಾಲಿ ಮೈದಾನದಲ್ಲಿ ಒಂದು ಯಂತ್ರ ಹುಲ್ಲು ಕತ್ತರಿಸುತ್ತಿತ್ತು. ಅದನ್ನೇ ನೋಡುತ್ತಿದ್ದರು. ಯಂತ್ರ ಓಡಿಸುವವನ ತಪ್ಪನ್ನೂ ಹೇಳಲಿಲ್ಲ. ನನಗೆ ಭಯವಾದದ್ದು ಆಗ.

"ಏಳಿ," ಎಂದರು ಅಕ್ಕ, ಕೋಡುಬಳೆಯ ಡಬ್ಬಿಯನ್ನು ಚೀಲಕ್ಕೆ ಹಾಕುತ್ತ. "ಬೈಯೋಕೆ ಕಾಲಿತ್ತಲ್ಲ, ಕರೆಯೋಕೂ ಅದೇ ಕಾಲಲ್ಲಿ ನಡೀರಿ."

ಬಿರ್ಗಿಟ್ಟಾ ತಮ್ಮ ಮನೆಯ ಹಿತ್ತಿಲಲ್ಲಿ ಮೊಣಕಾಲೂರಿ ಆಲೂಗಡ್ಡೆ ಅಗೆಯುತ್ತಿದ್ದರು. ಭಾವನವರು ಮಣ್ಣಿನ ಅಂಚಿನಲ್ಲಿ ನಿಂತು, ತಾವು ಹೇಳಿದ್ದು ಹಾಗಲ್ಲ, ದಯವಿಟ್ಟು ವಾಪಸು ಬನ್ನಿ ಎಂದರು.

"ನಾನು ಹೋಗಬೇಕು ಅಂತ ನೀವೇ ಹೇಳಿದಿರಿ" ಎಂದರು ಬಿರ್ಗಿಟ್ಟಾ. ಆಕ್ಷೇಪವಿರಲಿಲ್ಲ, ಪ್ರಯೋಗಶಾಲೆಯಲ್ಲಿ ಫಲಿತಾಂಶ ಓದಿದ ಹಾಗೆ.

"ಹೇಳಿದೆ. ಆದರೆ ಹೋಗಬೇಕು ಅಂತ ಹೇಳಲಿಲ್ಲ."

ಬಿರ್ಗಿಟ್ಟಾ ನನ್ನ ಕಡೆ ನೋಡಿದರು. ನಾನು ಆಲೂಗಡ್ಡೆಯ ಕಡೆ ನೋಡಿದೆ.

ಭಾವನವರು ಹಣೆ ಒರೆಸಿಕೊಂಡು ವಿವರಿಸಲು ತೊಡಗಿದರು. ನಮ್ಮಲ್ಲಿ ಹೊರಗಿನವರಿಗೆ ನಮಸ್ಕಾರ ಹೇಳುತ್ತೇವೆ, ಕೂರಿಸುತ್ತೇವೆ, ಕಾಫಿ ಕೊಡುತ್ತೇವೆ. ಬೈಯುವುದು ನಮ್ಮವರನ್ನು ಮಾತ್ರ. ಎಸ್ಕಿಲ್ಸ್‌ಟೂನಾದ ಕೋಚ್ ಎಷ್ಟು ತಪ್ಪು ಮಾಡಿದರೂ ನಾನು ಒಂದು ಮಾತು ಆಡಿದೆನೇ? ಅವರು ನನಗೆ ಯಾರು?

ಬಿರ್ಗಿಟ್ಟಾ ಎದ್ದು ನಿಂತರು. ಕೈಯ ಮಣ್ಣು ಕೊಡವಿ ಕೇಳಿದರು: "ಹಾಗಾದರೆ ಇಲ್ಲಿ ನಿಮ್ಮನ್ನು ಯಾರು ಬೈಯುತ್ತಾರೆ?"

ಅಕ್ಕ ಕೈಯೆತ್ತಿದರು.

"ಹೆಂಡತಿಯಲ್ಲದೆ?"

ಬಾಯಿಗೆ ಬಂದದ್ದನ್ನು ಆಡುವ ಮನುಷ್ಯ ಬಗ್ಗಿ ಒಂದು ಆಲೂಗಡ್ಡೆ ಎತ್ತಿಕೊಂಡು ಮಣ್ಣು ಒರೆಸತೊಡಗಿದರು. ಆಮೇಲೆ, ಯಾರಿಗೋ ಹೇಳುವ ಹಾಗೆ, ಹಿಂದಿನ ವರ್ಷ ಆಫೀಸಿನಲ್ಲಿ ತಮ್ಮಿಂದ ಒಂದು ದೊಡ್ಡ ತಪ್ಪಾಯಿತು, ವಿನ್ಯಾಸವನ್ನೇ ಮತ್ತೆ ಮಾಡಬೇಕಾಯಿತು ಎಂದರು. ಮ್ಯಾನೇಜರು ಏನೂ ಅನ್ನಲಿಲ್ಲವಂತೆ. ಆಸಕ್ತಿದಾಯಕ ಎಂದು ಹೇಳಿ ಬಾಗಿಲು ಮೆಲ್ಲಗೆ ಮುಚ್ಚಿದರಂತೆ. "ಒಂದು ಮಾತು ಬೈದಿದ್ದರೆ ಅವತ್ತೇ ಮುಗಿದುಹೋಗುತ್ತಿತ್ತು. ಇನ್ನೂ ಆ ಬಾಗಿಲ ಮುಂದೆ ನಿಂತ ಹಾಗೇ ಇದೆ ನನಗೆ."

ಇದನ್ನು ನಮಗೂ ಅವರು ಹೇಳಿರಲಿಲ್ಲ. ಅಕ್ಕ ಚೀಲದಲ್ಲಿ ಏನನ್ನೋ ಹುಡುಕತೊಡಗಿದರು.

ಬಿರ್ಗಿಟ್ಟಾ ಹೌದು ಎನ್ನಲಿಲ್ಲ, ಇಲ್ಲವೆನ್ನಲಿಲ್ಲ. ಯೋಚಿಸುತ್ತೇನೆ ಎಂದು ಆಲೂಗಡ್ಡೆಯ ಬುಟ್ಟಿ ಎತ್ತಿಕೊಂಡರು. ಅಕ್ಕ ತೊಳೆದು ಕೊಡುತ್ತೇನೆಂದು ಅವರ ಹಿಂದೆ ಅಡುಗೆಮನೆಗೆ ಹೋದರು. ನಾವಿಬ್ಬರೂ ಹಿತ್ತಿಲಲ್ಲಿ ಕೋಡುಬಳೆ ತಿನ್ನುತ್ತ ಕಾದೆವು. ಒಳಗಿನಿಂದ ಇಬ್ಬರ ನಗು ಕೇಳಿಸಿತು. ಭಾವನವರಿಗೆ ಅದೂ ಅಶುಭವಾಗಿಯೇ ತೋರಿತು.

ಮರುಪಂದ್ಯದ ದಿನದವರೆಗೂ ಸುದ್ದಿಯಿಲ್ಲ. ಆದರೂ ಮೂವರೂ ಬಸ್ಸು ಹಿಡಿದು ಎಸ್ಕಿಲ್ಸ್‌ಟೂನಾಗೆ ಹೋದೆವು. ತಂಡ ಬಾರದಿದ್ದರೆ ಖಾಲಿ ಮೈದಾನವನ್ನಾದರೂ ನೋಡಿ ಬರಬೇಕು ಎಂದು ಭಾವನವರ ಹಟ, ಸೂತಕದ ಮನೆಗೆ ಹೋಗುವವರ ಹಾಗೆ. ಹೋಗಿ ನೋಡಿದರೆ ತಂಡ ಸಾಲಾಗಿ ನಿಂತಿತ್ತು. ಗೆರೆಯ ಪಕ್ಕದಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡು ಬಿರ್ಗಿಟ್ಟಾ. ನಮ್ಮ ಕಡೆ ತಲೆಯಾಡಿಸಿದರು, ಅಷ್ಟೆ. ಭಾವನವರು ಎರಡೂ ಕೈಯಿಂದ ಮಂಕಿ ಕ್ಯಾಪು ಸರಿಮಾಡಿಕೊಂಡು, ಇಂದು ಬಾಯಿಗೆ ಬೀಗ ಎಂದು ಪ್ರತಿಜ್ಞೆ ಮಾಡಿದರು.

ಪ್ರತಿಜ್ಞೆ ಒಂದು–ಒಂದರವರೆಗೆ ನಿಂತಿತು. ಆಗ ಬಿರ್ಗಿಟ್ಟಾ ಕೈಯೆತ್ತಿ ಸಾರಾಳನ್ನು ಕರೆದು ಮಾಯಾಳನ್ನು ಇಳಿಸಿದರು.

"ಅಯ್ಯೋ, ಮತ್ತೆ ಅದೇನಾ? ಏನ್ ಹೇಳ್ಬೇಕ್ರೀ ನಿಮಗೆ..." ಎಂದು ಭಾವನವರು ಎದ್ದೇಬಿಟ್ಟರು.

ಬಿರ್ಗಿಟ್ಟಾ ಪೂರ್ತಿಯಾಗಿ ನಮ್ಮ ಕಡೆ ತಿರುಗಿದರು. ರಸಾಯನಶಾಸ್ತ್ರದ ಆ ಸೌಮ್ಯ ಅಧ್ಯಾಪಕಿ, ಎರಡೂ ಊರಿನವರ ಎದುರಿಗೆ, ಬದುಕಿನಲ್ಲಿ ಬಹುಶಃ ಮೊದಲ ಸಲ ದನಿಯೆತ್ತಿ, ಅಚ್ಚ ಕನ್ನಡದಲ್ಲಿ ಗದರಿದರು:

"ಬಾಯ್ ಮುಚ್ಕೊಂಡು ಕೂತ್ಕೊಳ್ರೀ. ನನ್ ತಲೆ ತಿನ್ಬೇಡಿ."

ಭಾವನವರು ಕುಳಿತರು. ಕುಳಿತದ್ದಲ್ಲ, ಇಳಿದರು, ಬಹುದಿನದ ಹೊರೆ ಇಳಿಸಿದವರ ಹಾಗೆ. ನಾನು ಅಕ್ಕನ ಕಡೆ ನೋಡಿದೆ.

"ಆಲೂಗಡ್ಡೆ ತೊಳೀವಾಗ ಹೇಳಿಕೊಟ್ಟೆ" ಎಂದರು ಅಕ್ಕ ಆಕಾಶ ನೋಡುತ್ತ. "ಬೇಗ ಬಂತು. ಚೂಟಿ ಇದ್ದಾರೆ."

ಭಾವನವರು ಕನ್ನಡಕ ತೆಗೆದು ಒರೆಸುತ್ತಿದ್ದರು. ಕನ್ನಡಕ ಒಣಗಿಯೇ ಇತ್ತು. ನನ್ನ ತೋಳು ಹಿಡಿದು ಮೆಲ್ಲಗೆ, "ಬೈದ್ರು ಕಣಯ್ಯಾ," ಎಂದರು. "ಎಲ್ಲರ ಮುಂದೆ ಬೈದ್ರು." ಆಮೇಲೆ ಪಕ್ಕದಲ್ಲಿದ್ದ ಎಸ್ಕಿಲ್ಸ್‌ಟೂನಾದವರ ಕಡೆ ತಿರುಗಿ, ಮಗಳ ಮದುವೆಯ ಸುದ್ದಿ ಹೇಳುವವರ ಸಂಭ್ರಮದಲ್ಲಿ, ಆಕೆ ನಮ್ಮ ಕೋಚ್ ಎಂದು ತಿಳಿಸಿದರು.

ಪಂದ್ಯವನ್ನು ನಾವು ಮೂರು–ಒಂದರಿಂದ ಸೋತೆವು.